ಬಾನಿ ಕೆಟ್ಟರೆ

ಆಸ್ಪತ್ರೆಯ ಮೂರನೇ ಮಹಡಿಯ ಈ ಕೋಣೆಗೆ
ಹಗಲೂ ರಾತ್ರಿಯೂ ಒಂದೇ ಬಣ್ಣ.
ನಾಲ್ಕು ಪೆಟ್ಟಿಗೆ, ನಾಲ್ಕು ನೀಲಿ ದೀಪ,
ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು
ಬರಿಮೈಯಲ್ಲಿ ಮಲಗಿದ ಕಾಮಾಲೆ ಕೂಸುಗಳು.
ಹಳದಿಯನ್ನು ನೀಲಿ ತಿನ್ನುತ್ತದೆ, ನಿಧಾನ;
ತಿಂದದ್ದು ಡೈಪರಿನಲ್ಲಿ ಹಸಿರಾಗಿ ಬರುತ್ತದೆ.
ಹೀಗೆ ಹೇಳಿದರೆ ಡಾಕ್ಟರು ನಗುತ್ತಾರೆ.
ನಾನು ನೀಲಗಾರರ ಮನೆಯವಳು,
ನನಗೆ ಹೀಗೇ ತಿಳಿಯುವುದು.

ಎರಡು ತಾಸು ದಾಟಿದರೆ ತಲೆ ಗಿಮ್ಮೆನ್ನುತ್ತದೆ,
ನಾಲಿಗೆಯಲ್ಲಿ ತಾಮ್ರದ ರುಚಿ.
ಕಾರಿಡಾರಿಗೆ ಕಾಲಿಟ್ಟರೆ
ಬಿಳಿ ಗೋಡೆ ಕಿತ್ತಳೆ, ಮೇಟ್ರನ್ನಿನ ಮುಖ ಕಿತ್ತಳೆ,
ಕಾಗದದ ಲೋಟದ ಹಾಲೂ.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ,
ಮದ್ದು ಮಾಡುವವಳ ಕಣ್ಣಿಗೆ ಏನಂತಾರೋ.
ಅವತ್ತು ಕಿಟಕಿಯಾಚೆಗೂ ಅದೇ.
ಜಹ್ರಾದ ಮೇಲೆ ಧೂಳೆದ್ದು
ಪೆಟ್ರೋಲ್ ಬಂಕು, ನೀರಿನ ಗೋಪುರ, ಮಸೀದಿ
ಒಂದೇ ಅರಿಶಿನದ ಕದಡಿನಲ್ಲಿ.
ಬಣ್ಣ ನನ್ನ ಕಣ್ಣಿನದೋ ಊರಿನದೋ
ತಿಳಿಯದೆ ನಿಂತೆ.

ಎರಡನೇ ಪೆಟ್ಟಿಗೆಯ ತಾಯಿ ಇಖ್ಲಾಸ್,
ಸೂಡಾನಿನ ಸಿನ್ನಾರಿನವಳು.
ಅವಳ ಮಗನ ಹಳದಿ ಮೂರು ದಿನ ಯಾರಿಗೂ ಕಾಣಲಿಲ್ಲ,
ನಾವು ಓದಿದ ಪುಸ್ತಕದ ಕೂಸುಗಳೆಲ್ಲ ಬಿಳಿಯವು.
ಒಸಡು ಒತ್ತಿ, ಬಿಟ್ಟು,
ರಕ್ತ ಮರಳುವ ಮುನ್ನಿನ ಒಂದು ಚಣದಲ್ಲಿ ನಾನು ಕಂಡೆ,
ಬಟ್ಟೆ ಹಿಂಡಿ ಬಣ್ಣ ನೋಡುವ ಹಾಗೆ.
ಎದೆಯ ಬಿಲ್ಲೆ ಓದಿ ಕೇಳಿದಳು:
ನೀಲ್? ಅದು ನಮ್ಮ ನದಿ.
ಅಲ್ಲ, ಬಣ್ಣ, ಅಂದೆ.
ನಮ್ಮೂರ ನದಿಗೂ ಅದೇ ಬಣ್ಣ;
ನನ್ನಂಥ ಕಪ್ಪಿಗೂ ಅಲ್ಲಿ ನೀಲಿ ಅಂತಲೇ ಅನ್ನೋದು.
ನಮ್ಮಲ್ಲೂ, ಒಬ್ಬ ದೇವರಿಗೆ,
ಅನ್ನಲು ಹೋಗಿ ಸುಮ್ಮನಾದೆ.

ಆ ರಾತ್ರಿ ರಕ್ತದ ಲೆಕ್ಕ ಇಳಿಯಲಿಲ್ಲ.
ಹದಿನೆಂಟು. ಮತ್ತೆ ಹದಿನೆಂಟು.
ಇಳಿದದ್ದು ಅವಳ ಮುಖದ ಬಣ್ಣ.

ಮುತ್ಯಾನ ಬಾನಿ ಒಮ್ಮೊಮ್ಮೆ ಹೀಗೇ ಕೆಡುತ್ತಿತ್ತು.
ಹಳದಿಹಸಿರಾಗಿ ಮೇಲೆದ್ದ ನೂಲು
ಎಷ್ಟು ಗಾಳಿಗೆ ಹಿಡಿದರೂ ನೀಲಿಯಾಗದೆ
ಮುನಿಸಿಕೊಂಡು ಜೋಲುತ್ತಿತ್ತು.
ಸುಣ್ಣ ಹಾಕಿ, ಬೆಲ್ಲ ಹಾಕಿ, ಕಡೆಗೆ
ಮೊಣಕೈವರೆಗಿನ ನೀಲಿಯನ್ನು ಧೋತರಕ್ಕೆ ಒರೆಸಿ
ಚಹಾದಂಗಡಿಗೆ ಹೋಗಿ ಒಂದು ಸುಳ್ಳು ಬಿಟ್ಟು ಬರುತ್ತಿದ್ದ:
"ಗುಡೂರಾಗ ಎಮ್ಮಿ ಈದೈತಂತ, ಕರಕ್ಕ ಮೂರು ಕೋಡು,
ಹುಟ್ಟಿದ ಕೂಡ್ಲೇ ಗೌಡನ ಹೆಸರು ಹಿಡಿದು ಒದರೈತಂತ."
ಸಂಜೆಯೊಳಗೆ ಸುಳ್ಳು ಊರು ಸುತ್ತಿ
ಏಳು ಕೋಡು ಮೂಡಿಸಿಕೊಂಡು ನಮ್ಮ ಮನೆಗೇ ಬರುತ್ತಿತ್ತು.
ಸುಳ್ಳಿಗೆ ಬಣ್ಣ ಹತ್ತಿದರ ನೂಲಿಗೂ ಹತ್ತತೈತಿ,
ಅನ್ನುತ್ತಿದ್ದ, ಬಾನಿಗೆ ಕೈ ಅದ್ದಿ.

ಕುರ್ಚಿ ಎಳೆದುಕೊಂಡೆ. ನನ್ನ ಮುರುಕು ಅರಬ್ಬಿಯಲ್ಲಿ:
ಗೊತ್ತೇನು ಇಖ್ಲಾಸ್, ಇವತ್ತಿನ ಧೂಳಿನೊಳಗಿಂದ
ಆರನೇ ರಿಂಗ್ ರೋಡಿಗೆ ಒಂದು ಮೀನು ಬಿತ್ತಂತೆ, ಒಂಟೆಯಷ್ಟು,
ಹೊಟ್ಟೆ ಸೀಳಿದರೆ ಟ್ಯಾಕ್ಸಿ,
ಮೀಟರು ಇನ್ನೂ ಓಡುತ್ತಿತ್ತಂತೆ.
ಅವಳು ಕಣ್ಣು ಕಿರಿದು ಮಾಡಿದಳು.
ಯಾವ ಬಣ್ಣದ ಮೀನು?
ಬಣ್ಣ ಹೇಳದೆ ನಾನು ನಂಬುವುದಿಲ್ಲ.
ಆ ಬೆಳಕಿನಲ್ಲಿ ಕೂತು, ನೀಲಗಾರನ ಮೊಮ್ಮಗಳಿಗೆ
ಒಂದು ಬಣ್ಣವೂ ನೆನಪಾಗಲಿಲ್ಲ.
ಕೆಂಪು, ಅಂದಳು ಅವಳೇ,
ಮದುವಣಗಿತ್ತಿಯ ತೋಬಿನಂಥ ಕೆಂಪು.
ಆಮೇಲೆ ಡ್ರೈವರ್ ಯಾರು, ಯಾರ ಅಳಿಯ,
ಹೆಂಡತಿ ಯಾಕೆ ಬಿಟ್ಟುಹೋದಳು, ಎಲ್ಲ ಅವಳೇ.
ನೀಲಿ ದೀಪದಡಿ ಕೆಂಪು ಕಾಣುವುದಿಲ್ಲ, ಕಪ್ಪಾಗುತ್ತದೆ.
ಆದರೂ ಆ ಕೋಣೆಯಲ್ಲಿ
ಬೆಳಗಿನವರೆಗೆ ಒಂದು ಕೆಂಪು ಓಡಾಡಿಕೊಂಡಿತ್ತು.

ಆರಕ್ಕೆ ಹಿಮ್ಮಡಿ ಚುಚ್ಚಿದೆವು. ಹದಿನೈದು.
ದೀಪದ ಕೆಲಸ, ನನಗೆ ಗೊತ್ತು,
ಫೈಲಿನಲ್ಲಿ ಹಾಗೇ ಬರೆದೆ.

ಕೆಳಗೆ, ಚಹಾ ಬಗ್ಗಿಸುತ್ತ ಕ್ಯಾಂಟೀನಿನ ಹುಡುಗ:
ಸಿಸ್ಟರ್, ಮೀನಿನ ಸುದ್ದಿ ಕೇಳಿದಿರಾ?
ಎರಡಂತೆ. ಟ್ಯಾಕ್ಸಿ ಅಲ್ಲವಂತೆ, ಬಸ್ಸು.